ಮೊಹೀನನ ಕುದುರೆಗಳನ್ನ ಹುಡುಕ್ಕೊಂಡು ನಾಕ್ತಲಾಕ್ಕೆ

ಈ ಮೆಟ್ರೋ ಸ್ಟೇಷನ್ ಹೆಸರು ಗೀತಾಂಜಲಿ. ಏರಿಯಾ ಹೆಸರು ನಾಕ್ತಲಾ, ದಕ್ಷಿಣ ಕೋಲ್ಕತ್ತ. ಬಟ್ಟೆ ಒಣಗ್ತಿರೋ ಬಾಲ್ಕನಿಗಳು, ಸಣ್ಣ ಗಲ್ಲಿಗಳು, ಮಧ್ಯಾಹ್ನದ ನಿದ್ದೆಯಲ್ಲಿರೋ ಅಂಗಡಿಗಳು. ನಾನು ಬಂದಿರೋದು ಒಂದು ಮನೆಗೋಸ್ಕರ. ಈ ವಿಡಿಯೋದಲ್ಲಿ ಆ ಮನೆಯನ್ನ ತೋರಿಸಲ್ಲ. ಬೀದೀಲಿ ನಡೀತಾ ಕಥೆ ಹೇಳ್ತೀನಿ, ಅಷ್ಟು ಸಾಕು.

2006ರಲ್ಲಿ ನಾನು ಕಾಲೇಜಲ್ಲಿದ್ದೆ. ‘ಗ್ಯಾಂಗ್‌ಸ್ಟರ್’ ಸಿನಿಮಾದ ‘ಭೀಗಿ ಭೀಗಿ’ ಹಾಡು ನಮ್ಮ ಹಾಸ್ಟೆಲಿನ ಎಲ್ಲಾ ಗಿಟಾರುಗಳ ಮೇಲೂ ಇತ್ತು. ನಾವು ನಾಲ್ಕು ಜನ ಬ್ಯಾಂಡ್ ಮಾಡ್ಕೊಂಡಿದ್ವಿ, ಅದನ್ನೇ ಮೊದಲು ಕಲಿತಿದ್ದು. ಒಂದಿನ ಪಕ್ಕದ ರೂಮಿನ ಬಂಗಾಳಿ ಹುಡುಗ ಬಾಗಿಲಲ್ಲಿ ನಿಂತು, "ಇದು ನಮ್ಮ ಹಾಡು ಕಣೋ" ಅಂದ. ಅವನ ಹತ್ರ ಒಂದು ಹಳೇ ಕ್ಯಾಸೆಟ್ ಇತ್ತು. ಅದರಲ್ಲಿದ್ದದ್ದು ಅದೇ ರಾಗ, ಆದ್ರೆ ಪ್ರೇಮಗೀತೆ ಅಲ್ಲ. ಪ್ರಪಂಚ ಚಿಕ್ಕದಾಗ್ತಾ ಚಿಕ್ಕದಾಗ್ತಾ ನಡುಮನೆಯ ಟೀವಿ ಡಬ್ಬದೊಳಗೆ ಸಿಕ್ಕಿಹಾಕ್ಕೊಂಡಿದೆ ಅನ್ನೋ ಹಾಡು. ಬ್ಯಾಂಡ್ ಹೆಸರು ಮೊಹೀನೇರ್ ಘೋಡಾಗುಲಿ. ಅಂದ್ರೆ ಮೊಹೀನನ ಕುದುರೆಗಳು.

ಈ ಹೆಸರು ಬಂದಿದ್ದು ಬಂಗಾಳಿ ಕವಿ ಜೀವನಾನಂದ ದಾಸರ ಒಂದು ಕವಿತೆಯಿಂದ. ಕಾರ್ತಿಕ ಮಾಸದ ಬೆಳದಿಂಗಳ ಬಯಲಲ್ಲಿ ಮೊಹೀನನ ಕುದುರೆಗಳು ಹುಲ್ಲು ಮೇಯ್ತಾವೆ. ಬ್ಯಾಂಡಿನ ಮೊದಲ ಹೆಸರು ಸಪ್ತರ್ಷಿ, ಯಾಕಂದ್ರೆ ಇದ್ದದ್ದು ಏಳು ಜನ. ಗೌತಮ್ ಚಟ್ಟೋಪಾಧ್ಯಾಯ, ತಮ್ಮಂದಿರಾದ ಪ್ರದೀಪ್ ಮತ್ತು ಬಿಶ್ವನಾಥ್, ನೆಂಟ ರಂಜನ್ ಘೋಷಾಲ್, ಆಮೇಲೆ ಗೆಳೆಯರು ತಾಪಸ್ ದಾಸ್, ತಪೇಶ್ ಬಂದ್ಯೋಪಾಧ್ಯಾಯ, ಅಬ್ರಹಾಂ ಮಜುಂದಾರ್. ಗಿಟಾರು, ಸ್ಯಾಕ್ಸೋಫೋನು, ಡ್ರಮ್ಸು, ಪಿಟೀಲು, ಕೊಳಲು, ಎಲ್ಲಾ ನಾನು ಹುಡುಕ್ಕೊಂಡು ಬಂದಿರೋ ಆ ಒಂದೇ ಮನೇಲಿ.

ಗೌತಮ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಪ್ರೆಸಿಡೆನ್ಸಿ ಕಾಲೇಜಿನ ಹುಡುಗ. ಇಂಗ್ಲಿಷ್ ಹಾಡುಗಳ ಬ್ಯಾಂಡಲ್ಲಿ ಗಿಟಾರ್ ನುಡಿಸ್ತಿದ್ದವರು ನಕ್ಸಲ್ ಚಳವಳಿಗೆ ಇಳಿದ್ರು, ಜೈಲಿಗೆ ಹೋದ್ರು, ಬಿಡುಗಡೆಯಾದ ಮೇಲೆ ಕೋಲ್ಕತ್ತ ಬಿಟ್ಟು ಒಂದಷ್ಟು ಕಾಲ ಹೊರಗಿದ್ರು. ವಾಪಸ್ ಬಂದಾಗ ಇಂಗ್ಲಿಷಲ್ಲಿ ಹಾಡೋದು ಅವರಿಗೆ ಸಾಕಾಗಿತ್ತು. ಬಂಗಾಳದ ಅಲೆಮಾರಿ ಹಾಡುಗಾರರಾದ ಬಾವುಲರ ಹಾಡು ಒಂದು ಕಡೆ, ಅಮೆರಿಕದ ಹಾಡುಗಾರ ಬಾಬ್ ಡಿಲನ್ ಇನ್ನೊಂದು ಕಡೆ, ಮಧ್ಯದಲ್ಲಿ ತನ್ನ ಊರಿನ ಮಾತು. ಶರೀಫಜ್ಜನ ತತ್ವಪದಗಳನ್ನ ಎಲೆಕ್ಟ್ರಿಕ್ ಗಿಟಾರಿನ ಜೊತೆ ಕೇಳಿರೋ ನಮಗೆ ಇದು ಸಹಜ ಅನ್ಸುತ್ತೆ. 1975ರ ಬಂಗಾಳದಲ್ಲಿ ಅಲ್ಲ. ರವೀಂದ್ರ ಸಂಗೀತ, ಸಿನಿಮಾ ಹಾಡು, ಲಘು ಸಂಗೀತ ಕೇಳಿ ಬೆಳೆದ ಕಿವಿಗಳಿಗೆ ಈ ಸದ್ದು ಎಲ್ಲಿಂದ ಬಂತು ಅಂತಾನೇ ತಿಳೀಲಿಲ್ಲ.

ಮೂರು ರೆಕಾರ್ಡ್ ಬಂದ್ವು. 1977, 78, 79, ವರ್ಷಕ್ಕೊಂದು. ಮೂರೂ ಸೇರಿ ಎಂಟೇ ಹಾಡು! ಮೊದಲನೇ ರೆಕಾರ್ಡಿನ ಒಂದು ಹಾಡು ನನಗೆ ತುಂಬಾ ಹತ್ತಿರ. ಅದರಲ್ಲಿ ಹಾಡುಗಾರ ತನಗೆ ಇಷ್ಟವಾದದ್ದನ್ನೆಲ್ಲಾ ಹೇಳ್ತಾ ಹೋಗ್ತಾನೆ. ಬೆಳದಿಂಗಳಲ್ಲಿ ಓಡೋದು ಇಷ್ಟ, ಪಿಕಾಸೊ ಇಷ್ಟ, ಡಿಲನ್ ಇಷ್ಟ, ರವಿಶಂಕರ್ ಸಿತಾರ್ ಕೇಳಿ ಮುಂಜಾನೆ ಮಂಜಲ್ಲಿ ಮನೆಗೆ ಬರೋದು ಇಷ್ಟ. ಇಷ್ಟೆಲ್ಲಾ ಹೇಳಿದ ಮೇಲೂ ಅವನಿಗೆ ಯಾವುದೂ ರುಚಿಸ್ತಿಲ್ಲ. ಸುತ್ತ ಜನರ ಕಷ್ಟ ಕಾಣ್ತಿರೋವಾಗ ಒಬ್ಬನೇ ಸುಖವಾಗಿರೋಕೆ ಆಗದವನ ಹಾಡು ಅದು. ಜೈಲಿಂದ ಬಂದವರೊಬ್ಬರು ಈ ಬ್ಯಾಂಡ್ ಕಟ್ಟಿದ್ರು ಅಂತ ಗೊತ್ತಾದ ಮೇಲೆ ಆ ಸಾಲುಗಳು ನನಗೆ ಬೇರೆ ಥರಾನೇ ಕೇಳ್ಸೋಕೆ ಶುರುವಾದ್ವು.

ರೆಕಾರ್ಡುಗಳನ್ನ ಕೊಳ್ಳೋರು ಕಮ್ಮಿ. 1981ಕ್ಕೆ ಬ್ಯಾಂಡ್ ನಿಂತೋಯ್ತು. ಬಿಶ್ವನಾಥ್ ಅಮೆರಿಕಕ್ಕೆ ಹೋದ್ರು. ರಂಜನ್ ಎಲ್ಲಿಗೆ ಬಂದ್ರು ಗೊತ್ತಾ? ನಮ್ಮ ಬೆಂಗಳೂರಿಗೆ. ಜಾಹೀರಾತು, ನಾಟಕ ಅಂತ ಅಲ್ಲೇ ನೆಲೆ ನಿಂತು, 2020ರಲ್ಲಿ ಅಲ್ಲೇ ತೀರಿಕೊಂಡ್ರು. ನಾನು ಆ ಕ್ಯಾಸೆಟ್ ಕೇಳ್ತಿದ್ದಾಗ ಅದೇ ಏಳು ಜನರಲ್ಲಿ ಒಬ್ರು ನನ್ನ ಊರಲ್ಲೇ ಇದ್ರು. ಹೋಗಿ ಒಂದು ಮಾತಾಡ್ಸಿದ್ದಿದ್ರೆ ಅಂತ ಇವತ್ತಿಗೂ ಅನ್ಸುತ್ತೆ.

ಗೌತಮ್ ಸಿನಿಮಾ ಮಾಡ್ತಾ ಉಳಿದ್ರು. ಈ ಮಧ್ಯೆ ಕಾಲೇಜು ಹುಡುಗರ ಬಾಯಲ್ಲಿ ಆ ಎಂಟು ಹಾಡುಗಳು ಬದುಕಿದ್ವು. 1992ರಲ್ಲಿ ಹಾಡುಗಾರ ಸುಮನ್ ಚಟ್ಟೋಪಾಧ್ಯಾಯರ ಕ್ಯಾಸೆಟ್ ಬಂದು, ಗಿಟಾರ್ ಹಿಡ್ಕೊಂಡು ಬಂಗಾಳಿಯಲ್ಲಿ ಹಾಡೋರನ್ನ ಕೇಳೋಕೆ ದೊಡ್ಡ ಬಳಗಾನೇ ಹುಟ್ಕೊಂಡಿತ್ತು. 1995ರ ಕೋಲ್ಕತ್ತ ಪುಸ್ತಕ ಮೇಳದಲ್ಲಿ ಕುದುರೆಗಳು ವಾಪಸ್ ಬಂದ್ವು. ಕ್ಯಾಸೆಟ್ ಹೆಸರು ‘ಆಬಾರ್ ಬೊಚೊರ್ ಕುಡಿ ಪೊರೆ’, ಮತ್ತೆ ಇಪ್ಪತ್ತು ವರ್ಷ ಕಳೆದ ಮೇಲೆ. ಇದೂ ಜೀವನಾನಂದರ ಸಾಲೇ.

ಈ ವಿಡಿಯೋ ಮಾಡ್ತಿರೋದೇ ಇಲ್ಲಿಂದ ಮುಂದಿನದ್ದಕ್ಕೋಸ್ಕರ. ಬ್ಯಾಂಡ್ ಮತ್ತೆ ಒಂದಾಯ್ತು ಅಂದ್ರೆ ಹಳೇ ಏಳು ಜನ ಹಳೇ ಜಾಗದಲ್ಲೇ ನಿಂತು ಹಳೇ ಹಾಡು ಹಾಡೋದು ಅಂತ ನಾವಂದ್ಕೋತೀವಿ. ಗೌತಮ್ ಹಾಗೆ ಮಾಡ್ಲಿಲ್ಲ. ಹೊಸ ಹುಡುಗ ಹುಡುಗೀರನ್ನ ಕರೆದು ಹಾಡಿಸಿದ್ರು, ಅವರ ಹಾಡುಗಳನ್ನೂ ಸೇರಿಸಿದ್ರು. ಕ್ಯಾಸೆಟ್ ಮೇಲೆ ಇದು ಮೊಹೀನನ ಕುದುರೆಗಳು ‘ಸಂಪಾದಿಸಿದ’ ಹಾಡುಗಳು ಅಂತ ಹಾಕಿದ್ರು, ಪತ್ರಿಕೆಗೆ ಸಂಪಾದಕರು ಇರ್ತಾರಲ್ಲ, ಹಾಗೆ. ಟೀವಿ ಡಬ್ಬದ ಹಾಡು ಬಂದಿದ್ದು ಇದೇ ಕ್ಯಾಸೆಟ್ಟಲ್ಲಿ. ಮುಂದಿನ ವರ್ಷಗಳಲ್ಲಿ ಇನ್ನೂ ಕೆಲವು ಬಂದ್ವು. ಮೊದಲ ಸಲ ಏಳು ಜನರ ಹೆಸರಾಗಿದ್ದದ್ದು ಎರಡನೇ ಸಲ ಒಂದು ತಲೆಮಾರಿಗೇ ಸೇರಿದ ಹೆಸರಾಯ್ತು.

1999ರ ಜೂನ್ 20ರಂದು ಗೌತಮ್ ತೀರಿಕೊಂಡ್ರು. ‘ಭೀಗಿ ಭೀಗಿ’ ಬರೋಕೆ ಏಳು ವರ್ಷ ಮುಂಚೆ. ತನ್ನ ರಾಗ ದೇಶದ ಎಲ್ಲಾ ಹಾಸ್ಟೆಲುಗಳಲ್ಲಿ ಕೇಳ್ಸಿದ್ದನ್ನ ಅವರು ನೋಡ್ಲಿಲ್ಲ. ಅದು ಯಾರ ರಾಗ ಅಂತ ನಮ್ಮಲ್ಲಿ ಬಹಳ ಜನಕ್ಕೆ ಈಗಲೂ ಗೊತ್ತಿಲ್ಲ. ನನಗೆ ಇದು ನಿಜವಾಗ್ಲೂ ನೋವಿನ ವಿಷಯ.

ಇನ್ನೊಬ್ಬರ ಬಗ್ಗೆ ಹೇಳ್ಬೇಕು. ಏಳು ಜನರಲ್ಲಿ ಒಬ್ಬರಾದ ತಾಪಸ್ ದಾಸ್, ಎಲ್ಲರ ಬಾಪಿದಾ, ಅಂದ್ರೆ ಬಾಪಿ ಅಣ್ಣ. ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆಗೆ ಹಣ ಬೇಕು ಅಂದಾಗ ಕೋಲ್ಕತ್ತದ ಹಾಡುಗಾರರು ಅವರಿಗೋಸ್ಕರ ಸೇರಿ ಹಾಡಿದ್ರು. ಅವರೆಲ್ಲಾ ಈ ಹಾಡುಗಳನ್ನ ಕೇಳಿ ಗಿಟಾರ್ ಹಿಡಿದವರು. 2023ರ ಶುರುವಲ್ಲಿ ಬಾಪಿದಾ ಮೂಗಿಗೆ ನಳಿಗೆ ಹಾಕ್ಕೊಂಡೇ ವೇದಿಕೆ ಹತ್ತಿ ಹಾಡಿದ್ರು. ಆ ಜೂನಲ್ಲಿ ಅವರೂ ಹೋದ್ರು.

ನಮ್ಮ ನಾಲ್ಕು ಜನರ ಬ್ಯಾಂಡ್ ಕೆಲಸಗಳು ಸಿಕ್ಕ ವರ್ಷವೇ ಮುಗೀತು. ಜಗಳ ಏನಿಲ್ಲ, ಬೇರೆ ಬೇರೆ ಊರು ಅಷ್ಟೇ. ಈ ಗಲ್ಲಿಯಿಂದ ಮೂರು ಜನಕ್ಕೂ ಒಂದು ವಾಯ್ಸ್ ನೋಟ್ ಕಳಿಸಿದ್ದೀನಿ, ಬಂಗಾಳಿ ಮಾತುಗಳ ಆ ಹಾಡು, ನನ್ನ ತಪ್ಪು ಉಚ್ಚಾರಣೆಯಲ್ಲೇ. ನಮ್ಮ ಡ್ರಮ್ಮರ್ ಈಗ ತಾನೇ ಉತ್ತರ ಕಳಿಸಿದ್ದಾನೆ. ಮಾತಿಲ್ಲ, ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿ ರೆಕಾರ್ಡ್ ಮಾಡಿದ್ದಾನೆ. ಹಿಂದೆ ಅವನ ಮಗಳು, "ಅಪ್ಪಾ, ಇದು ಯಾವ ಹಾಡು?" ಅಂತ ಕೇಳ್ತಿದ್ದಾಳೆ.