ಹಾಡುವವರಿಗೆ ಮೊದಲು ಕೇಳಿಸಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸಣ್ಣಪುಟ್ಟ ವೇದಿಕೆಗಳಲ್ಲಿ ಹಾಡಿ ನುಡಿಸುವ ಸ್ಥಳೀಯ ಕಲಾವಿದರಿಗೆ ಏನೇನು ತೊಂದರೆಗಳಿವೆ, ಆ ಬಗ್ಗೆ ನಾಲ್ಕು ಮಾತಾಡಿ ಎಂದು ನಿಲಯದವರು ಕರೆದಿದ್ದಾರೆ. ತೊಂದರೆಗಳಿಗೇನು ಬರವೇ? ಸಂಭಾವನೆ ಕಡಿಮೆ, ಅದೂ ಹೇಳಿದ ದಿನ ಕೈಗೆ ಬರುವುದಿಲ್ಲ. ಏಳು ಗಂಟೆಗೆಂದು ಕರೆದು ಒಂಬತ್ತಕ್ಕೆ ವೇದಿಕೆ ಹತ್ತಿಸುತ್ತಾರೆ, ಹತ್ತಕ್ಕೆ ಇಳಿಸುತ್ತಾರೆ. ಕುಳಿತವರಲ್ಲಿ ಅರ್ಧ ಜನ ಮೊಬೈಲ್ ನೋಡುತ್ತಿರುತ್ತಾರೆ. ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಮೊದಲು ವಾದ್ಯಗೋಷ್ಠಿಯಲ್ಲಿ ಗಿಟಾರ್ ನುಡಿಸುತ್ತಿದ್ದವನು, ಆಮೇಲೆ ಮೈಕು, ವಾದ್ಯಗಳ ಸದ್ದನ್ನು ಏರಿಸಿ ಇಳಿಸುವ ಮಿಕ್ಸರ್ ಎಂಬ ಯಂತ್ರದ ಹಿಂದೆ ಹೋಗಿ ಕುಳಿತವನು. ಎರಡೂ ಕಡೆಯಿಂದ ನೋಡಿದವನಾದ್ದರಿಂದ, ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ಒಂದೇ ಒಂದು ತೊಂದರೆಯನ್ನು ಹಿಡಿದುಕೊಂಡು ಬಂದಿದ್ದೇನೆ. ವೇದಿಕೆಯ ಮೇಲೆ ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸುವುದಿಲ್ಲ. ಅದು ಕೇಳಿಸಬೇಕು. ಇಂದಿನ ನನ್ನ ಮಾತೆಲ್ಲ ಇಷ್ಟೇ.

ಸಂಜೆ ಕೆಲಸ ಮುಗಿಸಿ, ಗಿಟಾರಿನ ಚೀಲ ಬೆನ್ನಿಗೇರಿಸಿ ಅಭ್ಯಾಸಕ್ಕೆ ಹೊರಟಿರುವ ಹುಡುಗ ಹುಡುಗಿಯರು ಈಗ ರೇಡಿಯೋ ಕೇಳುತ್ತಿದ್ದರೆ ನಿಮಗಾಗಿಯೇ ಹೇಳುತ್ತಿದ್ದೇನೆ. ಕಾರ್ಯಕ್ರಮ ಏರ್ಪಡಿಸುವ ಸಂಘಟಕರು ಯಾರಾದರೂ ಇದ್ದರೆ, ದಯವಿಟ್ಟು ನೀವೂ ಸ್ವಲ್ಪ ಹೊತ್ತು ಕೂರಿ.

ಮನೆಯಲ್ಲಿ ನಾಲ್ಕು ಜನ ಒಂದು ಕೋಣೆಯಲ್ಲಿ ಕುಳಿತು ಅಭ್ಯಾಸ ಮಾಡುವಾಗ ಎಲ್ಲವೂ ಚೆನ್ನಾಗಿರುತ್ತದೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ವೇದಿಕೆ ಹತ್ತಿದ ಕೂಡಲೇ ಒಬ್ಬರು ಆ ತುದಿ, ಒಬ್ಬರು ಈ ತುದಿ. ದೊಡ್ಡ ಸ್ಪೀಕರುಗಳು ನಿಮ್ಮ ಮುಂದೆ ನಿಂತು ಜನರ ಕಡೆ ಮುಖ ಮಾಡಿರುತ್ತವೆ, ನಿಮಗೆ ಸಿಗುವುದು ಅವುಗಳ ಬೆನ್ನು. ನಿಮ್ಮ ಹಾಡು ಮೊದಲು ಜನರಿಗೆ ಹೋಗುತ್ತದೆ, ಸಭಾಂಗಣದ ಹಿಂದಿನ ಗೋಡೆಗೆ ಬಡಿದು ಆಮೇಲೆ ನಿಮ್ಮ ಹತ್ತಿರ ಬರುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಿಂದಿನ ಗೋಡೆ 17 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವುದು 34 ಮೀಟರ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಇಷ್ಟು ಸಾಕು ತಾಳ ಹಳ್ಳ ಹಿಡಿಯಲು. ಚುರುಕು ನಡೆಯ ಹಾಡಿನಲ್ಲಿ ಅಷ್ಟರೊಳಗೆ ತಬಲಾದ ಮುಂದಿನ ಪೆಟ್ಟು ಬಂದು ಬಿದ್ದಿರುತ್ತದೆ. ಹಾಡುಗಾರ ಗೋಡೆಯಿಂದ ಬಂದದ್ದನ್ನು ಕೇಳಿಕೊಂಡು ಹಾಡುತ್ತಾನೆ, ತಬಲಾದವರು ತಮ್ಮ ಕೈಯಲ್ಲಿರುವುದನ್ನು ಕೇಳಿಕೊಂಡು ನುಡಿಸುತ್ತಾರೆ. ಜನ ಮಾತ್ರ ಇವರಿಗೆ ಅಭ್ಯಾಸ ಸಾಲದು ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ತನ್ನ ದನಿ ತನಗೆ ಕೇಳಿಸದಿದ್ದರೆ ಮನುಷ್ಯ ಕೂಗುತ್ತಾನೆ. ಇದು ಶಿಸ್ತಿನ ಪ್ರಶ್ನೆಯಲ್ಲ, ಶರೀರದ ಸ್ವಭಾವ. ಸುತ್ತ ಗದ್ದಲವಿದ್ದರೆ ನಮಗೆ ಗೊತ್ತಿಲ್ಲದಂತೆಯೇ ದನಿ ಏರುತ್ತದೆ ಎಂಬುದನ್ನು ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಬರೆದಿಟ್ಟ. ಗಂಟಲಿನ ಮೇಲೆ ಒತ್ತಡ ಬಿದ್ದರೆ ಶ್ರುತಿ ಜರುಗುತ್ತದೆ, ಉಸಿರು ಸಾಲದಾಗುತ್ತದೆ, ಮೂರನೆಯ ಹಾಡಿಗೆ ದನಿ ಒಡೆಯುತ್ತದೆ. ಬಿಸಿನೀರು ಕುಡಿ, ಲವಂಗ ಬಾಯಲ್ಲಿಟ್ಟುಕೋ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಅಯ್ಯಾ, ಅವನಿಗೆ ಕೇಳಿಸುತ್ತಿಲ್ಲ, ಮೊದಲು ಕೇಳಿಸುವಂತೆ ಮಾಡಿ!

ಇದು ಸಣ್ಣ ಕಲಾವಿದರ ಪಾಡು ಮಾತ್ರ ಎಂದುಕೊಳ್ಳಬೇಡಿ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಜಗತ್ತಿಗೇ ಹೆಸರಾದ ಬೀಟಲ್ಸ್ ಎಂಬ ಇಂಗ್ಲೆಂಡಿನ ತಂಡ ಹಾಡಿದಾಗ 55,000ಕ್ಕೂ ಹೆಚ್ಚು ಜನ ಸೇರಿದ್ದರು. ಜನರ ಕಿರುಚಾಟದಲ್ಲಿ ಆ ನಾಲ್ವರಿಗೆ ತಾವು ನುಡಿಸುತ್ತಿರುವುದೇ ಸರಿಯಾಗಿ ಕೇಳಿಸಲಿಲ್ಲ. ಇಂದು ವೇದಿಕೆಯ ಮೇಲೆ ಕಲಾವಿದರ ಕಡೆ ತಿರುಗಿಸಿ ಇಡುತ್ತೇವಲ್ಲ, ಮಾನಿಟರ್ ಎಂಬ ಸ್ಪೀಕರ್, ಅದು ಅಂದು ಅವರಿಗೆ ಇರಲಿಲ್ಲ. ಆ ದಿನಗಳಲ್ಲಿ ಮುಂದೆ ನಿಂತವರ ಮೈ ಅಲುಗುವುದನ್ನು ನೋಡಿಕೊಂಡು ತಾಳ ಹಿಡಿಯಬೇಕಾಗುತ್ತಿತ್ತು ಎಂದು ಡ್ರಮ್ಸ್ ನುಡಿಸುತ್ತಿದ್ದ ರಿಂಗೊ ಸ್ಟಾರ್ ಮುಂದೆ ಹೇಳಿಕೊಂಡಿದ್ದಾರೆ. ಮರುವರ್ಷ ಆಗಸ್ಟ್‌ನಲ್ಲಿ ಆ ತಂಡ ಊರೂರು ಸುತ್ತಿ ವೇದಿಕೆಯಲ್ಲಿ ಹಾಡುವುದನ್ನೇ ನಿಲ್ಲಿಸಿತು. ಅದಕ್ಕೆ ಬೇರೆ ಕಾರಣಗಳನ್ನೂ ಹೇಳುತ್ತಾರೆ. ನನಗೆ ಈ ಒಂದು ಕಾರಣ ಸಾಕು.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ಸಭಾಂಗಣ, ಒಂದು ಸಂಘದ ಸಮಾರಂಭ. ಹಾಡಬೇಕಾಗಿದ್ದವಳು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಒಳ್ಳೆಯ ಕಂಠ, ಶ್ರುತಿಯ ಮೇಲೆ ಹಿಡಿತ, ಅಭ್ಯಾಸದಲ್ಲಿ ನಾನೇ ಕೂತು ಕೇಳಿದ್ದೆ. ಮಧ್ಯಾಹ್ನವೇ ಹೋಗಿ ಅವಳ ಕಾಲ ಬಳಿ ಮಾನಿಟರ್ ಇಟ್ಟು, ಕೇಬಲ್ ಎಳೆದು, ಅದು ಅತ್ತಿತ್ತ ಜರುಗದಂತೆ ನೆಲಕ್ಕೆ ಟೇಪ್ ಅಂಟಿಸಿದೆ. ಮೊದಲೇ ಹಾಡಿ ನುಡಿಸಿ ಸದ್ದನ್ನು ಹೊಂದಿಸಿಕೊಳ್ಳುವ ಸೌಂಡ್ ಚೆಕ್ ಮಾಡೋಣ ಎಂದು ತಂಡದವರನ್ನು ಕರೆಯುವಷ್ಟರಲ್ಲಿ ಸಂಘಟಕರು ಬಂದರು. ಅತಿಥಿಗಳು ಬೇಗ ಬಂದುಬಿಟ್ಟಿದ್ದಾರೆ, ಅವರ ಮುಂದೆ ಟುಂಯ್ ಟುಂಯ್ ಎಂದು ಸದ್ದು ಮಾಡುವುದು ಚೆನ್ನಾಗಿರುವುದಿಲ್ಲ ಎಂದರು. ಹತ್ತು ನಿಮಿಷ ಸಾಕು ಎಂದೆ. ಅವರು ಮೈಕಿನ ಹತ್ತಿರ ಹೋಗಿ, ಬೆರಳಲ್ಲಿ ಎರಡು ಸಲ ಕುಟ್ಟಿ, ಹಲೋ ಹಲೋ ಎಂದು ನನ್ನ ಕಡೆ ತಿರುಗಿ, ಕೆಲಸ ಮಾಡುತ್ತಿದೆಯಲ್ಲ, ಇನ್ನೇನು ಎಂದರು. ಮೈಕನ್ನು ಕುಟ್ಟುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ, ಆ ಮಾತು ಹಾಗಿರಲಿ.

ನಾನು ಸಭಾಂಗಣದ ಹಿಂದೆ ಮಿಕ್ಸರ್ ಹತ್ತಿರ ಹೋಗಿ ಕುಳಿತೆ. ಭಾಷಣಗಳು ಮುಗಿದು ಪರದೆ ಸರಿಯಿತು. ನೋಡಿದರೆ ಅವಳ ಕಾಲ ಬಳಿ ಮಾನಿಟರ್ ಇಲ್ಲ! ವಿಡಿಯೋ ತೆಗೆಯುವವರಿಗೆ ಅದು ಅಡ್ಡ ಬಂದಿತ್ತಂತೆ. ಯಾರೋ ಟೇಪ್ ಕಿತ್ತು, ಅದನ್ನು ಎತ್ತಿ ವೇದಿಕೆಯ ಮೂಲೆಗೆ ಗೋಡೆಯ ಕಡೆ ಮುಖ ಮಾಡಿಸಿ ಇಟ್ಟಿದ್ದರು. ಇನ್ಯಾರೋ ಅದರ ಮೇಲೆ ಒಂದು ಹೂಕುಂಡವನ್ನೂ ಕೂರಿಸಿದ್ದರು. ನೋಡಲು ಅಂದವಾಗಿಯೇ ಇತ್ತು.

ಕೀಬೋರ್ಡಿನವರು ಹಾಡಿನ ಮೊದಲ ಸಾಲು ನುಡಿಸಿದರು. ಅದು ಜನರಿಗೆ ಕೇಳಿಸಿತು, ನನಗೆ ಕೇಳಿಸಿತು, ಹಾಡಬೇಕಾದವಳಿಗೆ ಕೇಳಿಸಲಿಲ್ಲ. ಅವಳು ಅಂದಾಜಿನ ಮೇಲೆ ಷಡ್ಜ ಹಿಡಿದು ಎತ್ತಿಕೊಂಡಳು. ಅರ್ಧ ಸ್ವರ ಮೇಲಾಯಿತು. ಕೀಬೋರ್ಡಿನವರು ಜಾಣರು, ಅವಳ ದನಿ ಕಿವಿಗೆ ಬಿದ್ದ ಕೂಡಲೇ ಗುಂಡಿ ಒತ್ತಿ ಶ್ರುತಿಯನ್ನು ಮೇಲಕ್ಕೆ ಏರಿಸಿಕೊಂಡರು. ಅಷ್ಟರಲ್ಲಿ ಅವಳಿಗೂ ಏನೋ ಅನುಮಾನ ಬಂದು ಕೆಳಕ್ಕೆ ಇಳಿದಿದ್ದಳು. ಗಿಟಾರಿನ ಹುಡುಗ ಯಾರನ್ನು ಹಿಂಬಾಲಿಸಬೇಕೆಂದು ತಿಳಿಯದೆ ತನ್ನದೇ ದನಿ ಕೇಳಲಿ ಎಂದು ವಾಲ್ಯೂಮ್ ಏರಿಸಿದ. ಅದು ಜೋರಾಯಿತೆಂದು ಡ್ರಮ್ಸಿನವನು ಬಲವಾಗಿ ಬಾರಿಸಿದ. ಅವಳು ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂಗತೊಡಗಿದಳು. ಕುತ್ತಿಗೆಯ ನರ ಉಬ್ಬಿದ್ದು ಸಭಾಂಗಣದ ಹಿಂದಿನಿಂದಲೂ ಕಾಣುತ್ತಿತ್ತು. ಮೊದಲ ಸಾಲಿನಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡನೆಯ ಹಾಡು ಮುಗಿದು ನಿರೂಪಕರು ಮಾತಿಗೆ ನಿಂತಾಗ ನಾನು ಪಕ್ಕದ ಮೆಟ್ಟಿಲಿನಿಂದ ವೇದಿಕೆ ಹತ್ತಿದೆ. ಹೂಕುಂಡ ಇಳಿಸಿ, ಮಾನಿಟರನ್ನು ತಂದು, ಅದರ ಮುಖ ಅವಳ ಕಿವಿಯ ನೇರಕ್ಕೆ ಬರುವಂತೆ ವಾಲಿಸಿ ಇಟ್ಟೆ. ವಿಡಿಯೋದವರು ಗೊಣಗಿದರು, ಗೊಣಗಲಿ. ಮಿಕ್ಸರಿಗೆ ಹಿಂತಿರುಗಿ ಆ ಮಾನಿಟರಿಗೆ ಅವಳ ದನಿಯನ್ನು ಕೊಟ್ಟೆ, ಶ್ರುತಿಗೆಂದು ಸ್ವಲ್ಪ ಕೀಬೋರ್ಡ್ ಕೊಟ್ಟೆ, ಬೇರೇನೂ ಕೊಡಲಿಲ್ಲ. ಮೂರನೆಯ ಹಾಡಿನ ಮೊದಲ ಸ್ವರ ಹಿಡಿದ ಕ್ಷಣವೇ ಅವಳ ಭುಜ ಕೆಳಗಿಳಿಯಿತು, ಕಿವಿಯ ಮೇಲಿದ್ದ ಕೈ ಕೆಳಗಿಳಿಯಿತು. ಅದೇ ಗಂಟಲು, ಅದೇ ಹುಡುಗಿ. ಅವಳು ಕೂಗುವುದನ್ನು ಬಿಟ್ಟದ್ದೇ ತಡ, ಗಿಟಾರಿನವನೂ ತಾನಾಗಿಯೇ ಸದ್ದು ಇಳಿಸಿದ.

ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರು ಬಂದು, ಮೊದಮೊದಲು ಹುಡುಗಿ ಹೆದರಿದಳು, ಆಮೇಲೆ ಧೈರ್ಯ ಬಂತು ನೋಡಿ ಎಂದರು. ಧೈರ್ಯ ಅಲ್ಲ ಸ್ವಾಮಿ, ಮಾನಿಟರ್ ಬಂತು ಎಂದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ನಕ್ಕು, ಕುರ್ಚಿ ಎಣಿಸಲು ಹೋದರು.

ನನಗೆ ಕೊಟ್ಟ ವೇಳೆಯಲ್ಲಿ ಹೆಚ್ಚಿನ ಪಾಲು ಈ ಕತೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಮೈಕ್ ಹಿಡಿಯುವ ರೀತಿ. ಹಾಡುವವರು ಬಳಸುವ ಸಾಮಾನ್ಯ ಮೈಕ್ ಮುಂದಿನ ಸದ್ದನ್ನು ಹಿಡಿಯುತ್ತದೆ, ಹಿಂಬದಿಯದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಹಾಗೆಂದೇ ಮಾನಿಟರನ್ನು ಮೈಕಿನ ಬೆನ್ನಿನ ಕಡೆಗೆ ಇಡುತ್ತೇವೆ. ನೀವು ಮೈಕಿನ ತಲೆಯನ್ನು, ಆ ಜಾಲರಿಯ ಗುಂಡನ್ನು, ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ಗುಣ ಕೆಟ್ಟುಹೋಗಿ ಅದು ಸುತ್ತಲಿನದೆಲ್ಲವನ್ನೂ ಹಿಡಿಯತೊಡಗುತ್ತದೆ. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ, ಹೀಗೆ ಸುತ್ತಿ ಸುತ್ತಿ ಕೀ ಎಂದು ಕಿರುಚುತ್ತದೆ. ಎಲ್ಲರೂ ತಿರುಗಿ ಸೌಂಡಿನವರನ್ನು ದುರುಗುಟ್ಟಿ ನೋಡುತ್ತಾರೆ. ಆಗ ನಾವು ವಿಧಿಯಿಲ್ಲದೆ ಮಾನಿಟರ್ ಇಳಿಸುತ್ತೇವೆ. ನಿಮಗೆ ಕೇಳಿಸುವುದು ನಿಲ್ಲುತ್ತದೆ. ಟಿವಿಯಲ್ಲಿ ಯಾರೋ ಹಾಗೆ ಹಿಡಿದದ್ದು ನೋಡಿರುತ್ತೀರಿ. ಬೇಡ. ಹಿಡಿಯನ್ನು ಹಿಡಿಯಿರಿ.

ಸೌಂಡ್ ಚೆಕ್‌ನಲ್ಲಿ ಎಲ್ಲರೂ ಕೇಳುವುದು ನನ್ನದನ್ನು ಜೋರು ಮಾಡಿ ಎಂದು. ಒಬ್ಬರದು ಏರಿಸಿದರೆ ಇನ್ನೊಬ್ಬರದು ಮುಳುಗುತ್ತದೆ. ಯಾವುದನ್ನು ಇಳಿಸಬೇಕು ಎಂದು ಹೇಳಲು ಕಲಿಯಿರಿ. ನನ್ನ ಮಾನಿಟರಿನಲ್ಲಿ ಡ್ರಮ್ಸ್ ಬೇಡ, ಗಿಟಾರ್ ಕಡಿಮೆ ಮಾಡಿ ಎಂದು ಬಿಡಿಸಿ ಹೇಳಿದರೆ ನಿಮ್ಮ ದನಿ ತಾನಾಗಿ ಮೇಲೆ ಬರುತ್ತದೆ. ಇನ್ನೊಂದು ವಿಷಯ. ಖಾಲಿ ಸಭಾಂಗಣ ಗುಂಯ್ಗುಟ್ಟುತ್ತದೆ. ಜನ ಬಂದು ಕುಳಿತರೆ ಅವರ ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ. ಮಧ್ಯಾಹ್ನ ಕೇಳಿದ್ದೇ ರಾತ್ರಿಯೂ ಕೇಳುತ್ತದೆಂದು ನಂಬಬೇಡಿ, ಮೊದಲ ಹಾಡಾಗಿ ಸುಲಭದ್ದನ್ನು ಇಟ್ಟುಕೊಳ್ಳಿ, ಅಷ್ಟರಲ್ಲಿ ನಾವು ಸರಿಮಾಡಿಕೊಳ್ಳುತ್ತೇವೆ.

ವೇದಿಕೆಯ ದೀಪದ ಬಿಸಿಗೆ ಗಿಟಾರಿನ ತಂತಿ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಅದೇ ಬಿಸಿಗೆ ತಬಲಾದ ಚರ್ಮ ಒಣಗಿ ಬಿಗಿಯಾಗಿ ಶ್ರುತಿ ಏರುತ್ತದೆ. ಒಂದೇ ದೀಪದಡಿ ಕೂತ ಇಬ್ಬರೂ ದೂರವಾಗುತ್ತಾರೆ. ಒಳಗೆ ಶ್ರುತಿ ಮಾಡಿಕೊಂಡು ಬಂದೆವು ಎಂದು ಸುಮ್ಮನಿರಬೇಡಿ, ದೀಪದ ಕೆಳಗೆ ಹೋದ ಮೇಲೆ ಇನ್ನೊಮ್ಮೆ ಮಾಡಿ. ಕೇಬಲ್, ತಂತಿ, ಬ್ಯಾಟರಿ ಒಂದೊಂದು ಹೆಚ್ಚಿಗೆ ಇರಲಿ.

ಕಿವಿ ಇದ್ದರಲ್ಲವೇ ಕೇಳಿಸುವುದು? ಸದ್ದು 85 ಡೆಸಿಬಲ್ ಇದ್ದರೆ ದಿನಕ್ಕೆ ಎಂಟು ಗಂಟೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ. ಲೆಕ್ಕ ಹಾಕಿ ನೋಡಿ, 100 ಡೆಸಿಬಲ್‌ಗೆ ಬಂದಾಗ ಉಳಿಯುವುದು ಹದಿನೈದು ನಿಮಿಷ. ಡ್ರಮ್ಸಿನ ಪಕ್ಕ ಕೂರುವವರು ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ. ನಾಚಿಕೆ ಏಕೆ?

ಸಂಘಟಕರೇ, ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಸ್ವಾಗತಕ್ಕೆ ಸಮಯವಿದೆ, ವಂದನಾರ್ಪಣೆಗೆ ಸಮಯವಿದೆ. ಸೌಂಡ್ ಚೆಕ್ ಎಂದು ಒಂದು ಸಾಲು ಬರೆಯಿರಿ, ಅದರ ಮುಂದೆ ಅರ್ಧ ಗಂಟೆ ಎಂದು ಬರೆಯಿರಿ. ಬಾಗಿಲು ತೆರೆಯುವ ಮುಂಚೆ ಅದು ಮುಗಿಯಲಿ. ಇದಕ್ಕೆ ನಿಮಗೆ ಕಾಸಿನ ಖರ್ಚಿಲ್ಲ.

ಕಲಾವಿದರೇ, ಒಪ್ಪಿಕೊಳ್ಳುವ ಮುನ್ನ ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ. ನಮ್ಮ ಕಡೆ ತಿರುಗಿಸಿ ಇಡುವ ಮಾನಿಟರ್ ಎಷ್ಟಿವೆ? ಸೌಂಡ್ ಚೆಕ್‌ಗೆ ಎಷ್ಟು ಗಂಟೆಗೆ ಬರಬೇಕು? ಸಂಭಾವನೆಯ ಮಾತು ಅದಾದ ಮೇಲೆ ಬರಲಿ. ಒಪ್ಪಿಕೊಂಡದ್ದನ್ನೆಲ್ಲ ಒಂದು ಸಂದೇಶದಲ್ಲಿ ಬರೆದು ಕಳುಹಿಸಿ, ಅವರಿಂದ ಹೂಂ ಎನ್ನಿಸಿಕೊಳ್ಳಿ. ವೇದಿಕೆಗೆ ಹೋದ ಮೇಲೆ ಮಾನಿಟರ್ ಕಾಣದಿದ್ದರೆ ಆ ಸಂದೇಶ ತೆಗೆದು ತೋರಿಸಿ. ವಿಡಿಯೋದವರ ಹತ್ತಿರವೂ ಮೊದಲೇ ಹೋಗಿ, ಇದು ಇಲ್ಲೇ ಇರುತ್ತದೆ, ನೀವು ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ಇಟ್ಟುಕೊಳ್ಳಿ ಎಂದು ನಯವಾಗಿ ಹೇಳಿ ಬನ್ನಿ.

ನಮಸ್ಕಾರ.