ಮರದ ಎರಡು ಬೆಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಸವನಗುಡಿಯ ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿದೆ. ಅಪ್ಪ ಕೊಂಡ ಕಾರು. ನಂಬರ್ ಇನ್ನೂ ಹಳೇ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳಿಂದಲೇ ಶುರುವಾಗುತ್ತದೆ. ಕಳೆದ ಮಳೆಗಾಲದಲ್ಲಿ ಅದರ ಕೆಳಗೆ ಆಯಿಲ್ ಕಲೆ ಬೀಳತೊಡಗಿತು. ಮೊದಲು ನಾಲ್ಕಾಣೆಯಷ್ಟು ಅಗಲ, ಆಮೇಲೆ ಊಟದ ತಟ್ಟೆಯಷ್ಟು.

ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಬಂದ ಈ ಕಾರು, 1961ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿತು. 948 ಸಿಸಿ ಎಂಜಿನ್. ಬಾನೆಟ್ಟು, ಎರಡೂ ಮಡ್‌ಗಾರ್ಡು ಸೇರಿ ಮುಂಭಾಗ ಪೂರ್ತಿ ಮುಂದಕ್ಕೆ ಬಾಗುತ್ತದೆ. ಮುಂದಿನ ಟೈರಿನ ಮೇಲೆ ಕೂತು ರಿಪೇರಿ ಮಾಡಬಹುದು. ಅಪ್ಪ ಹಾಗೇ ಕೂರುತ್ತಿದ್ದರು. ಮದ್ರಾಸಿನ ಆ ಕಂಪನಿ ಮುಚ್ಚಿ ಮೂವತ್ತು ವರ್ಷ ಯಾವಾಗಲೋ ದಾಟಿತು.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಗ್ಗಿ ನೋಡಿದವರೇ, ಎಂಜಿನ್ ಇಳಿಸಬೇಕು ಎಂದುಬಿಟ್ಟರು. ಮನಸ್ಸು ಒಪ್ಪಲಿಲ್ಲ. ಶಿವಾಜಿನಗರದ ಹಿರಿಯ ಮೇಸ್ತ್ರಿಯೊಬ್ಬರನ್ನು ಮನೆಗೆ ಕರೆದುಕೊಂಡು ಬಂದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಸೀಮೆಎಣ್ಣೆ, ಬ್ರಷ್ಷು ಕೇಳಿದರು. ಎಂಜಿನ್ನನ್ನು ಮೇಲಿಂದ ಕೆಳಗೆ ತೊಳೆದು, ಒರೆಸಿ, ಒಣಗಿಸಿದರು. “ಅಮ್ಮಾ, ಮುಖಕ್ಕೆ ಹಾಕೋ ಪೌಡರ್ ಇದ್ರೆ ಕೊಡಿ” ಎಂದರು. ನನ್ನ ಹೆಂಡತಿ ಡಬ್ಬಿ ತಂದುಕೊಟ್ಟಳು. ಎಂಜಿನ್ ಮೈಮೇಲೆಲ್ಲ ಉದುರಿಸಿ, ಹತ್ತು ನಿಮಿಷ ಸ್ಟಾರ್ಟ್‌ನಲ್ಲಿ ಬಿಟ್ಟರು.

ಬಿಳಿ ಪುಡಿಯ ಮೇಲೆ ಕಂದು ಗೆರೆಯೊಂದು ನಿಧಾನವಾಗಿ ಇಳಿಯಿತು. “ನೋಡಿ ಸಾರ್, ಹುಟ್ಟೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ” ಎಂದರು. ಹೌದಲ್ವಾ? ಕಾರು ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಎಲ್ಲಿ ಬಿದ್ದಿದೆ ಎಂದಷ್ಟೇ ನೋಡಿದರೆ, ಸರಿಯಿರುವ ಸೀಲನ್ನೇ ಬಿಚ್ಚಿ ಕೂರುತ್ತೇವೆ.

ನಮ್ಮ ಸೋರಿಕೆ ಇದ್ದದ್ದು ಮುಂದುಗಡೆ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ತುಂಬಿಕೊಳ್ಳುವ ಸಂಪ್ ಇದೆಯಲ್ಲ, ಅದರ ಮುಂತುದಿಯ ಬೋಲ್ಟ್‌ಗಳು ಅಲ್ಯೂಮಿನಿಯಂನ ಒಂದು ಅಡ್ಡ ತುಂಡಿಗೆ ಕಚ್ಚಿಕೊಳ್ಳುತ್ತವೆ. ಸೀಲಿಂಗ್ ಬ್ಲಾಕ್ ಅನ್ನುತ್ತಾರೆ. ಎಂಜಿನ್ ಎರಕದ ಕಬ್ಬಿಣ, ಇದು ಮಾತ್ರ ಮೆದು. ಹಿಂದೆ ಯಾರೋ ಸೋರುತ್ತಿದೆಯೆಂದು ಬಿಗಿ ಮಾಡಿ, ಮತ್ತೂ ಬಿಗಿ ಮಾಡಿ, ಬೋಲ್ಟ್ ಕಚ್ಚುವ ತೂತಿನೊಳಗಿನ ತಿರುಪು ಗೆರೆ, ಅಂದರೆ ಥ್ರೆಡ್, ಎರಡು ಕಡೆ ಕಿತ್ತುಹಾಕಿದ್ದರು. ಸೋರಿದರೆ ಬಿಗಿ ಮಾಡುವ ಈ ಅಭ್ಯಾಸ ಹಳೇ ಕಾರುಗಳನ್ನು ಹಾಳುಮಾಡಿದಷ್ಟು ತುಕ್ಕೂ ಮಾಡಿಲ್ಲ ಅನ್ನಿಸುತ್ತದೆ ನನಗೆ.

ಇನ್ನೊಂದು ಮಾತು. ಈ ಬೋಲ್ಟ್‌ಗಳ ತಲೆ ಅರ್ಧ ಇಂಚು, ಅಂದರೆ 12.7 ಎಂಎಂ. 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಸಡಿಲ. ಮೂಲೆ ಸವೆದುಹೋಗುತ್ತದೆ. ಇಂಚಿನ ಸ್ಪ್ಯಾನರನ್ನೇ ಹುಡುಕಿ ತನ್ನಿ.

ಹೊಸ ಬ್ಲಾಕ್ ಹುಡುಕಿಕೊಂಡು, ಕಾರಿನ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ಅಲೆದೆ. “ಅಂಬಾಸಿಡರ್‌ಗೆ ಕೇಳಿ ಕೊಡ್ತೀನಿ, ಹೆರಾಲ್ಡ್ ಮಾತ್ರ ಕೇಳ್ಬೇಡಿ” ಎಂದರು ಒಬ್ಬರು. ಇಂಗ್ಲೆಂಡಿನಲ್ಲಿ ಈ ತುಂಡನ್ನು ಇವತ್ತಿಗೂ ಮಾಡಿ ಮಾರುತ್ತಾರೆ, ತರಿಸಬಹುದಿತ್ತು. ಆದರೆ ಹಳೆಯದು ಬಿರುಕು ಬಿಟ್ಟಿರಲಿಲ್ಲ. ಥ್ರೆಡ್ ಹೋಗಿತ್ತು, ಅಷ್ಟೇ. ಕಲಾಸಿಪಾಳ್ಯದ ಲೇತ್ ಅಂಗಡಿಯಲ್ಲಿ ತೂತು ದೊಡ್ಡದು ಮಾಡಿ, ಸ್ಟೀಲ್ ಬುಷ್ ಕೂರಿಸಿ, ಅದರೊಳಗೆ ಹೊಸ ಥ್ರೆಡ್ ಹಾಕಿಕೊಟ್ಟರು. ಕಾರ್ಕ್ ಶೀಟ್ ಜೆ.ಸಿ. ರಸ್ತೆಯಲ್ಲೇ ಸಿಕ್ಕಿತು. ಸಂಪನ್ನು ಅದರ ಮೇಲೆ ಬೋರಲು ಹಾಕಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಸಂಪಿಗೂ ಎಂಜಿನ್ನಿಗೂ ನಡುವೆ ಸಂದಿ ಮುಚ್ಚುವ ಗ್ಯಾಸ್ಕೆಟ್ ನಾವೇ ಕತ್ತರಿಸಿದೆವು.

ಉಳಿದದ್ದು ಬೆಣೆ. ಆ ಬ್ಲಾಕಿನ ಎರಡೂ ತುದಿಯ ಸಂದಿಗೆ ಕಂಪನಿಯವರು ಇಟ್ಟಿದ್ದದ್ದು ರಬ್ಬರಲ್ಲ, ಮರದ ಬೆಣೆ! ಕಾರಿನ ಎಂಜಿನ್ನಿನಲ್ಲಿ ಮರ! ನಮ್ಮದರಲ್ಲಿ ಅವು ಕಪ್ಪಾಗಿ, ಕುಗ್ಗಿ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ನಮ್ಮ ಬೀದಿಯ ಬಡಗಿ ಸಿಲ್ವರ್ ಓಕ್‌ನ ಚೂರಿನಿಂದ ಎರಡು ಬೆಣೆ ಕೆತ್ತಿಕೊಟ್ಟರು. ಬೆರಳಿನ ಗೆಣ್ಣಿನಷ್ಟು ಉದ್ದ. ಎಳೆ ನೇರವಾಗಿರುವ ಕಡೆಯಿಂದಲೇ ತೆಗೆದರು, ದುಡ್ಡು ಬೇಡ ಎಂದರು. ಮೇಸ್ತ್ರಿ ಅದಕ್ಕೆ ಗ್ಯಾಸ್ಕೆಟ್ ಪೇಸ್ಟ್ ಸವರಿ, ಸಂದಿಗಿಟ್ಟು ಮೆಲ್ಲಗೆ ತಟ್ಟಿದರು. ಹೊರಗೆ ಉಳಿದ ತುದಿಯನ್ನು ಬ್ಲೇಡಿನಲ್ಲಿ ಸಮಕ್ಕೆ ಕೊಯ್ದರು. ಬೋಲ್ಟ್‌ಗಳನ್ನು ಒಂದೊಂದಾಗಿ, ಎದುರುಬದುರಾಗಿ, ಸ್ಪ್ಯಾನರನ್ನು ಎರಡೇ ಬೆರಳಲ್ಲಿ ಹಿಡಿದು ತಿರುಗಿಸಿದರು. ಎಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪನ್ನೂ ತೊಳೆದರು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಎಂಥ ಹೊಸ ಗ್ಯಾಸ್ಕೆಟ್ಟಿನಿಂದಲೂ ಆಯಿಲನ್ನು ಹೊರಗೆ ದೂಡುತ್ತದೆ. ಕೊನೆಗೆ 20ಡಬ್ಲ್ಯೂ-50 ಆಯಿಲ್ ತುಂಬಿದೆವು.

ಹಿಂದುಗಡೆ ಒಂದೆರಡು ಹನಿ ಈಗಲೂ ಬೀಳುತ್ತದೆ. ಅಲ್ಲಿ ರಬ್ಬರ್ ಸೀಲ್ ಇಲ್ಲ. ಎಂಜಿನ್ನಿನ ತಿರುಗುವ ಶಾಫ್ಟಿನ ಮೇಲಿನ ಸುರುಳಿ ಗೀರೊಂದು ತಿರುಗುತ್ತಾ ಆಯಿಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ನಿಂತರೆ ಎಳೆಯುವುದೂ ನಿಂತಿತು. ಅದಕ್ಕಾಗಿ ಎಂಜಿನ್ ಇಳಿಸುವುದು ಬೇಡ ಎಂದರು ಮೇಸ್ತ್ರಿ. ನನಗೂ ಅದೇ ಸರಿ ಅನ್ನಿಸಿತು. ಕಾರಿನ ಕೆಳಗೆ ಒಂದು ರಟ್ಟು ಹಾಸಿದ್ದೇನೆ. ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿ, ರಟ್ಟನ್ನೂ ನೋಡುತ್ತೇನೆ. ಮುಂದಿನ ಅರ್ಧ ಒಣಗಿಯೇ ಇದೆ.

ನಮಸ್ಕಾರ.