ಮುಳುಗಿದರೂ ಉಳಿಯುವ, ಓದಿದರೆ ಅಳಿಯುವ ಮೆಮೊರಿ

ನಮಸ್ಕಾರ. ಪರದೆಯ ಮೇಲೆ ನೀವೀಗ ನೋಡುತ್ತಿರುವುದು ಹಳೆಯ ಕಂಪ್ಯೂಟರುಗಳಲ್ಲಿದ್ದ ಮ್ಯಾಗ್ನೆಟಿಕ್ ಕೋರ್ ಮೆಮೊರಿ. ತಂತಿಗಳ ಜಾಲರಿಯಲ್ಲಿ ಸಾಸಿವೆ ಕಾಳಿನಂತೆ ಕಾಣುವ ಆ ಕಪ್ಪು ಉಂಗುರಗಳೆಲ್ಲ ಫೆರೈಟ್ ಎಂಬ ಕಾಂತೀಯ ವಸ್ತುವಿನವು. ಒಂದೊಂದು ಉಂಗುರದಲ್ಲಿ ಒಂದೊಂದು ಬಿಟ್ ಮಾಹಿತಿ ಇರುತ್ತದೆ.

ಉಂಗುರದ ಕಾಂತತೆ ಒಂದು ದಿಕ್ಕಿಗಿದ್ದರೆ ಸೊನ್ನೆ, ಎದುರು ದಿಕ್ಕಿಗಿದ್ದರೆ ಒಂದು. ಅಡ್ಡ ತಂತಿಯಲ್ಲಿ ಅರ್ಧ, ಉದ್ದ ತಂತಿಯಲ್ಲಿ ಇನ್ನರ್ಧ ವಿದ್ಯುತ್ ಹರಿಸಿದರೆ, ಅವೆರಡೂ ಕೂಡುವ ಜಾಗದ ಉಂಗುರ ಮಾತ್ರ ದಿಕ್ಕು ಬದಲಿಸುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ ರೂಪಿಸಿದ ಈ ವಿಧಾನವನ್ನು 1953ರಲ್ಲಿ ‘ವರ್ಲ್‌ವಿಂಡ್’ ಕಂಪ್ಯೂಟರಿಗೆ ಅಳವಡಿಸಲಾಯಿತು. ಅದರ ಒಂದೊಂದು ಪದರದಲ್ಲಿ ಸಾಲಿಗೆ 32ರಂತೆ 32 ಸಾಲು, ಅಂದರೆ 1,024 ಉಂಗುರಗಳಿದ್ದವು. ಅದಕ್ಕೂ ಮುನ್ನ ಅಲ್ಲಿದ್ದ ಮೆಮೊರಿ ಟ್ಯೂಬುಗಳು ಪದೇ ಪದೇ ಕೈಕೊಡುತ್ತಿದ್ದವು.

ದಿಕ್ಕು ಬದಲಿಸಲು ವಿದ್ಯುತ್ ಬೇಕು, ಆದರೆ ಬದಲಾದ ದಿಕ್ಕಿನಲ್ಲಿ ಉಳಿಯಲು ಏನೂ ಬೇಡ. ಕರೆಂಟು ಹೋದರೂ ಮಾಹಿತಿ ಉಳಿಯುವ ಇದರ ಬಾಳಿಕೆಯ ಗುಟ್ಟು ಇಷ್ಟೇ. ನನಗೆ ಸೋಜಿಗವೆನಿಸುವುದು ಇದರ ಮತ್ತೊಂದು ಗುಣ. ಉಂಗುರದಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಅದನ್ನು ಸೊನ್ನೆಯ ಕಡೆಗೆ ತಳ್ಳಿ ನೋಡಬೇಕು: ಅದು ತಿರುಗಿ ಇನ್ನೊಂದು ತಂತಿಯಲ್ಲಿ ಮಿಡಿತವೆದ್ದರೆ ಅಲ್ಲಿದ್ದದ್ದು ಒಂದು, ಏಳದಿದ್ದರೆ ಸೊನ್ನೆ. ಹಾಗಾಗಿ ಓದಿದ ಕ್ಷಣವೇ ಮಾಹಿತಿ ಅಳಿದುಹೋಗುತ್ತದೆ. ಓದಿದ್ದನ್ನು ಆ ಕೂಡಲೇ ಮರಳಿ ಬರೆದುಬಿಟ್ಟರಾಯಿತು ಎಂಬ ಸರಳ ಉಪಾಯವನ್ನು ಹಾರ್ವರ್ಡ್‌ನಲ್ಲಿದ್ದ ಆನ್ ವಾಂಗ್ ಕಂಡುಕೊಂಡಿದ್ದರು. ಓದುವುದಕ್ಕೂ ಮರಳಿ ಬರೆಯುವುದಕ್ಕೂ ನಡುವೆ ಕರೆಂಟು ಹೋದರೇನು ಗತಿ ಎಂದು ನೀವು ಕೇಳಬಹುದು; ಆ ಒಂದು ಸುತ್ತನ್ನು ಮುಗಿಸುವಷ್ಟು ವ್ಯವಸ್ಥೆಯನ್ನು ಎಂಜಿನಿಯರುಗಳು ಮಾಡಿಟ್ಟಿರುತ್ತಿದ್ದರು.

ಈ ಬಾಳಿಕೆಗೆ ಎದುರಾದ ಅತ್ಯಂತ ಕಠೋರ ಪರೀಕ್ಷೆಯನ್ನು ಯಾರೂ ಬಯಸಿರಲಿಲ್ಲ. 1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಆಕಾಶದಲ್ಲಿ ಒಡೆದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದಾಗ ಅದರಲ್ಲಿದ್ದ ಐಬಿಎಂ ಎಪಿ-101 ಕಂಪ್ಯೂಟರುಗಳೂ ಮುಳುಗಿದವು. ವಾರಗಳ ನಂತರ ಅವುಗಳನ್ನು ಮೇಲೆತ್ತಿದಾಗ, ಉಪ್ಪುನೀರಿನಲ್ಲಿ ನೆನೆದ ಕೋರ್ ಮೆಮೊರಿಯಲ್ಲಿ ಮಾಹಿತಿ ಹಾಗೆಯೇ ಉಳಿದಿತ್ತು.

ಆದರೂ ಕೋರ್ ಸೋತದ್ದು ಬೆಲೆ ಮತ್ತು ಗಾತ್ರದ ಲೆಕ್ಕದಲ್ಲಿ. ಕೈಯಿಂದ ತಂತಿ ಪೋಣಿಸುವ ಕೆಲಸ, 1970ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ 1103ರಂತಹ ಚಿಪ್ಪುಗಳೊಂದಿಗೆ ಪೈಪೋಟಿ ನಡೆಸಲಾರದಾಯಿತು. 1991ರಲ್ಲಿ ಬಾಹ್ಯಾಕಾಶ ನೌಕೆಗಳೂ ಸೆಮಿಕಂಡಕ್ಟರ್ ಮೆಮೊರಿಗೆ, ಅಂದರೆ ಚಿಪ್ಪುಗಳಿಗೆ, ಬದಲಾದವು. ಕರೆಂಟು ಹೋದರೆ ಅದು ಎಲ್ಲವನ್ನೂ ಮರೆಯುವುದರಿಂದ, ಜೊತೆಗೊಂದು ಬ್ಯಾಟರಿಯನ್ನೂ ಇಡಬೇಕಾಯಿತು.